ಸೆಕೆಂಡ್ ಹ್ಯಾಂಡ್ ಕಾರು: ಮುಂಗಡ ಕೊಡುವ ಮುಂಚೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ಅಡಿಕೆ ವ್ಯಾಪಾರ ಮುಗಿಯುತ್ತಿದ್ದಂತೆ ಮಲೆನಾಡಿನ ಕಡೆಯಿಂದ ಹಳೇ ಕಾರು ಕೊಳ್ಳುವ ಬಗ್ಗೆ ಪತ್ರಗಳು ಹೆಚ್ಚಾಗುತ್ತವೆ. ಈ ಸಲ ಕಾರಿನ ಪೂರ್ವಾಪರ ತಿಳಿಯುವ ಬಗೆಯನ್ನೇ ಬಹಳ ಜನ ಕೇಳಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಶಿವಮೊಗ್ಗದ ಬ್ರೋಕರ್ ಒಬ್ಬರ ಹತ್ತಿರ 2017ರ ಮಾಡೆಲ್ ಕಾರು ನೋಡಿದ್ದೇವೆ. ಬೆಂಗಳೂರು ರಿಜಿಸ್ಟ್ರೇಶನ್. ಆರ್‌ಸಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಸಿಂಗಲ್ ಓನರ್ ಅನ್ನುತ್ತಾರೆ. ಇನ್ನೊಬ್ಬರು ಕಾಯುತ್ತಿದ್ದಾರೆ, ನಾಳೆಯೇ ಮುಂಗಡ ಕೊಡಿ ಅಂತ ಒತ್ತಾಯ. ಕಾಗದಪತ್ರದಲ್ಲಿ ಏನೇನು ನೋಡಬೇಕು?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಫೋಟೋ ನಂಬಿ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾರಿನ ಪೂರ್ತಿ ಚರಿತ್ರೆ ಯಾವ ಒಂದು ಕಾಗದದಲ್ಲೂ ಇರುವುದಿಲ್ಲ. ಆರ್‌ಸಿ, ಇನ್ಶೂರೆನ್ಸ್, ಸರ್ವಿಸ್ ಬಿಲ್ಲು, ಕಾರಿನ ಮೈಮೇಲಿರುವ ನಂಬರುಗಳು ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಮೋಸ ಸಿಕ್ಕಿಬೀಳುವುದು ಹೆಚ್ಚಾಗಿ ತಾರೀಖು ತಾಳೆಯಾಗದ ಕಡೆಯೇ.

ಮೊದಲು ಎಂಪರಿವಾಹನ್ ಆ್ಯಪ್ ಅಥವಾ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ. ರಿಜಿಸ್ಟ್ರೇಶನ್ ತಾರೀಖು, ಇಂಧನ, ವಾಹನದ ವರ್ಗ, ಇನ್ಶೂರೆನ್ಸ್ ಮತ್ತು ಹೊಗೆ ಸರ್ಟಿಫಿಕೇಟಿನ ಗಡುವು, ಸಾಲ ಕೊಟ್ಟವರ ಹೆಸರು, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಎಂಬುದು ಅಲ್ಲಿ ಸಿಗುತ್ತದೆ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮರೆಮಾಚಿರುತ್ತಾರೆ. ಆದ್ದರಿಂದ ಅಸಲು ಆರ್‌ಸಿ ಕಾರ್ಡು ಮತ್ತು ಅದರಲ್ಲಿ ಹೆಸರಿರುವವರ ಗುರುತಿನ ಚೀಟಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಬ್ರೋಕರ್ ಮಧ್ಯೆ ಇದ್ದರೂ ಆರ್‌ಸಿ ಮಾಲೀಕರ ಜೊತೆ ನೀವೇ ಫೋನಿನಲ್ಲಿ ಮಾತಾಡಿ. ಕಾರು ಯಾಕೆ ಮಾರುತ್ತಿದ್ದೀರಿ, ಎಲ್ಲಿ ಸರ್ವಿಸ್ ಮಾಡಿಸುತ್ತಿದ್ದಿರಿ, ಬ್ರೋಕರಿಗೆ ಯಾವಾಗ ಕೊಟ್ಟಿರಿ, ಈ ಮೂರು ಕೇಳಿ. ಮಾಲೀಕರ ನಂಬರ್ ಕೊಡುವುದಿಲ್ಲ ಎನ್ನುವ ಬ್ರೋಕರನ್ನು ಅಲ್ಲಿಗೇ ಬಿಟ್ಟುಬಿಡಿ.

ಎರಡನೆಯದು ಬಿ ಎಕ್ಸ್‌ಟ್ರ್ಯಾಕ್ಟ್. ಆರ್‌ಟಿಒ ದಾಖಲೆಯಲ್ಲಿ ಆ ಗಾಡಿಯ ಬಗ್ಗೆ ಇರುವುದರ ಅಧಿಕೃತ ನಕಲು ಇದು. ಎಷ್ಟನೇ ಮಾಲೀಕರು, ಸಾಲದ ನಮೂದು, ತೆರಿಗೆ ಎಲ್ಲ ಇದರಲ್ಲಿ ಬರುತ್ತದೆ. ‘ಸಿಂಗಲ್ ಓನರ್’ ಎನ್ನುವ ಮಾತು ನಿಜವೋ ಅಲ್ಲವೋ ಇಲ್ಲಿ ಗೊತ್ತಾಗುತ್ತದೆ. ಆದರೆ ಒಂದು ಎಚ್ಚರ: ಆರ್‌ಸಿ ವರ್ಗಾವಣೆ ಮಾಡಿಸದೆ ಸಹಿ ಮಾಡಿದ ಖಾಲಿ ಫಾರಂ ಮೇಲೇ ಮೂರು ಕೈ ದಾಟಿದ ಕಾರು ದಾಖಲೆಯಲ್ಲಿ ಈಗಲೂ ಸಿಂಗಲ್ ಓನರ್ರೇ. ಅದಕ್ಕೇ ಇನ್ಶೂರೆನ್ಸ್ ಪಾಲಿಸಿ ಮತ್ತು ಸರ್ವಿಸ್ ಬಿಲ್ಲುಗಳಲ್ಲಿ ಯಾರ ಹೆಸರು, ಯಾವ ಊರು ಇದೆ ಎಂದು ನೋಡಬೇಕು. ಆರ್‌ಸಿ ಬೆಂಗಳೂರಿನವರದ್ದು, ಹೋದ ಎರಡು ವರ್ಷದ ಸರ್ವಿಸ್ ಬಿಲ್ಲು ಮಾತ್ರ ಹಾಸನದ ಇನ್ಯಾರದೋ ಹೆಸರಲ್ಲಿದ್ದರೆ ನಡುವೆ ಒಬ್ಬರು ಇದ್ದಾರೆ ಎಂದೇ ಅರ್ಥ.

ಮೂರನೆಯದು, ಬೆಂಗಳೂರು ಕಾರಾದ್ದರಿಂದ, ಟ್ರಾಫಿಕ್ ದಂಡ. ಕೇಂದ್ರದ ಇ-ಚಲನ್ ಸೈಟಿನಲ್ಲಿ ಮಾತ್ರ ನೋಡಿ ಸುಮ್ಮನಾಗಬೇಡಿ, ಕರ್ನಾಟಕ ಒನ್‌ನಲ್ಲೂ ನೋಡಿ. ನಗರ ಪೊಲೀಸರ ಕ್ಯಾಮೆರಾ ದಂಡಗಳು ಒಂದರಲ್ಲಿ ಕಾಣದೆ ಇನ್ನೊಂದರಲ್ಲಿ ಕಾಣುವುದುಂಟು. ದಂಡದ ಪಟ್ಟಿಯಲ್ಲಿ ತಾರೀಖು ಮತ್ತು ಜಾಗ ಇರುವುದರಿಂದ ಕಾರು ಎಲ್ಲೆಲ್ಲಿ ಓಡಾಡಿತ್ತು ಎಂಬುದೂ ತಿಳಿಯುತ್ತದೆ. ಬಾಕಿಯನ್ನು ಮಾರುವವರಿಂದಲೇ ಕಟ್ಟಿಸಿ.

ಕೊನೆಗೆ ಚಾಸಿ ನಂಬರ್. ಒಟ್ಟು 17 ಅಕ್ಷರ ಮತ್ತು ಅಂಕಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಮೊದಲ ಮೂರು ಗುರುತು ಕಂಪನಿಯದು: ಮಾರುತಿಗೆ ಎಂಎ3, ಹ್ಯುಂಡೈಗೆ ಎಂಎಎಲ್, ಟಾಟಾಗೆ ಎಂಎಟಿ, ಮಹೀಂದ್ರಾಗೆ ಎಂಎ1. ಬಾನೆಟ್ ಒಳಗೆ ಹಿಂಬದಿಯ ತಗಡಿನ ಗೋಡೆಯ ಮೇಲೋ, ಮುಂದಿನ ಸೀಟಿನ ಬುಡದಲ್ಲಿ ಮ್ಯಾಟ್ ಎತ್ತಿದರೆ ಕಾಣುವಂತೆಯೋ ಪಂಚ್ ಮಾಡಿರುತ್ತಾರೆ. ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅಕ್ಷರಗಳು ಒಂದೇ ಆಳ, ಒಂದೇ ಸಾಲಿನಲ್ಲಿ ಬರಬೇಕು. ಒಂದು ಅಂಕಿ ಮೇಲೆದ್ದಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ, ಆ ಜಾಗಕ್ಕೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಮುಂದೆ ಮಾತೇ ಬೇಡ.

ಪ್ರಶ್ನೆ: ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೋ ಇಲ್ಲವೋ ಕಂಡುಹಿಡಿಯುವುದು ಹೇಗೆ? ಈಗಿನ ಡಿಜಿಟಲ್ ಮೀಟರಿನಲ್ಲಿ ಅದು ಆಗುವುದಿಲ್ಲ ಎನ್ನುತ್ತಾರೆ.
— ಕಾಲೇಜು ಉಪನ್ಯಾಸಕರು, ಭದ್ರಾವತಿ

ಉತ್ತರ: ಆಗುತ್ತದೆ. ಡಿಜಿಟಲ್ ಮೀಟರಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಅಂಕಿ ಬದಲಾಯಿಸುತ್ತಾರೆ, ಹಳೇ ಮುಳ್ಳಿನ ಮೀಟರಿನ ಹಾಗೆ ಬಿಚ್ಚಬೇಕಾಗಿಯೂ ಇಲ್ಲ. ಆದರೆ ಅಂಕಿ ಬದಲಾಯಿಸುವವರು ಮೀಟರ್ ಒಂದನ್ನೇ ನೋಡಿಕೊಳ್ಳುತ್ತಾರೆ. ಕಾರು ಓಡಿದ ಲೆಕ್ಕ ಬೇರೆ ಕಡೆಯೂ ಉಳಿದಿರುತ್ತದೆ.

ಸ್ಟೇರಿಂಗ್ ಕೆಳಗೆ, ಕಾರಿನ ಕಂಪ್ಯೂಟರನ್ನು ಓದಲು 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಬ್ಲೂಟೂತ್ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿ ಓದಬಹುದು. ನಿಮ್ಮಲ್ಲಿ ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನವರನ್ನು ಕರೆದುಕೊಂಡು ಹೋಗಿ. ಎರಡು ಅಂಕಿ ನೋಡಿ. ಒಂದು, ಫಾಲ್ಟ್ ಕೋಡ್ (ದೋಷ ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಡುವ ಸಂಕೇತ) ಅಳಿಸಿದ ಮೇಲೆ ಓಡಿದ ದೂರ. ಇದು ಮೀಟರಿನಲ್ಲಿ ಅಲ್ಲ, ಇಂಜಿನ್ ಕಂಪ್ಯೂಟರಿನಲ್ಲಿ ಇರುವ ಲೆಕ್ಕ. ಗರಿಷ್ಠ 65,535 ಕಿ.ಮೀ. ತನಕ ಏರುತ್ತದೆ. ಮೀಟರ್ 42,000 ತೋರಿಸುತ್ತಿದೆ, ಈ ಲೆಕ್ಕ 58,000 ತೋರಿಸುತ್ತಿದೆ ಅಂದರೆ ಮೀಟರ್ ಸುಳ್ಳು ಹೇಳುತ್ತಿದೆ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಎರಡನೆಯದು, ಇದಕ್ಕೆ ವಿರುದ್ಧವಾದದ್ದು: ಆ ಲೆಕ್ಕ ಬರೀ 12 ಅಥವಾ 20 ಕಿ.ಮೀ. ಇದ್ದರೆ, ಜೊತೆಗೆ ರೆಡಿನೆಸ್ ಮಾನಿಟರುಗಳು (ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ತಪಾಸಣೆಗಳು) ‘ಅಪೂರ್ಣ’ ಎಂದಿದ್ದರೆ, ನಿಮಗೆ ಕಾರು ತೋರಿಸುವ ಸ್ವಲ್ಪ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಯಾಕೆ ಎಂದು ಕೇಳಿ. ಕಾರನ್ನು ಇನ್ನೊಂದು 100 ಕಿ.ಮೀ. ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗಿ ಬಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ, ಮುಚ್ಚಿಟ್ಟ ದೋಷ ಸಾಮಾನ್ಯವಾಗಿ ಅಷ್ಟರಲ್ಲಿ ಮರಳಿ ಬರುತ್ತದೆ.

ಸರ್ವಿಸ್ ದಾಖಲೆ ಇದಕ್ಕೂ ಗಟ್ಟಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಹಾಕಿದರೆ ಪ್ರತಿ ಜಾಬ್ ಕಾರ್ಡಿನ ತಾರೀಖು, ಆಗಿನ ಕಿಲೋಮೀಟರ್, ಮಾಡಿದ ಕೆಲಸ ಎಲ್ಲ ಬರುತ್ತದೆ. ಹೊರಗಿನವರಿಗೆ ಕೊಡುವುದಿಲ್ಲ, ಮಾಲೀಕರು ಬಂದು ಕೇಳಬೇಕು ಅಥವಾ ಅವರ ಮೊಬೈಲಿನಿಂದ ಒಪ್ಪಿಗೆ ಬೇಕಾಗುತ್ತದೆ. ಅದಕ್ಕೇ ಮಾರುವವರನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ. ಸಿಕ್ಕ ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದುಕೊಳ್ಳಿ. ವರ್ಷಕ್ಕೆ 15,000 ಓಡುತ್ತಿದ್ದ ಕಾರು ಕೊನೆಯ ಮೂರು ವರ್ಷದಲ್ಲಿ ಒಟ್ಟು 4,000 ಮಾತ್ರ ಓಡಿದೆ ಎಂದಾದರೆ, ಹೊರಗಿನ ಗ್ಯಾರೇಜಿಗೆ ಹೋದದ್ದು ಮೀಟರ್ ಇಳಿಸಿಕೊಂಡೇ ಬಂದಿರಬಹುದು.

ಇಷ್ಟೂ ಆಗದಿದ್ದರೆ ಟೈರು ನೋಡಿ. ಟೈರಿನ ಪಕ್ಕದ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2317 ಎಂದರೆ 2017ರ 23ನೇ ವಾರ. ಕಂಪನಿ ಟೈರು ಸಾಮಾನ್ಯವಾಗಿ 40ರಿಂದ 50 ಸಾವಿರ ಕಿ.ಮೀ. ಬಾಳುತ್ತದೆ. 2017ರ ಕಾರಿಗೆ 2023ರ ಟೈರಿದ್ದರೆ ಅದು ವಯಸ್ಸಿಗೆ ಬದಲಾಯಿಸಿದ್ದು ಎನ್ನಬಹುದು. ನಾಲ್ಕೂ ಟೈರು 2019ರದ್ದಾಗಿದ್ದು ಮೀಟರ್ 35,000 ಅನ್ನುತ್ತಿದ್ದರೆ ಎರಡೇ ವರ್ಷಕ್ಕೆ ಟೈರು ಸವೆಯುವಷ್ಟು ಓಡಿದ್ದೆಲ್ಲಿ ಎಂದು ಲೆಕ್ಕ ಕೇಳಬೇಕು. ಕ್ಲಚ್, ಬ್ರೇಕ್ ಪೆಡಲಿನ ರಬ್ಬರು ಅಂಚಿನಲ್ಲಿ ಸವೆದು ನುಣುಪಾಗಿದ್ದರೆ 30,000 ಎನ್ನುವುದನ್ನು ನಂಬಬೇಡಿ. ಹಳೇ ಕಾರಿಗೆ ಹೊಚ್ಚ ಹೊಸ ಪೆಡಲ್ ರಬ್ಬರು ಹಾಕಿದ್ದರಂತೂ ಇನ್ನೂ ಅನುಮಾನ.

ಪ್ರಶ್ನೆ: ನೆರೆಯಲ್ಲಿ ಮುಳುಗಿದ್ದ ಕಾರುಗಳನ್ನು ಶುಚಿ ಮಾಡಿ ಮಾರುತ್ತಾರೆ ಎಂದು ಕೇಳಿದ್ದೇವೆ. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲ ಕಾರೂ ಮುಗ್ಗಲು ವಾಸನೆಯೇ. ವ್ಯತ್ಯಾಸ ತಿಳಿಯುವುದು ಹೇಗೆ?
— ಗೃಹಿಣಿ, ಹೊಸನಗರ

ಉತ್ತರ: ಬಹಳ ಸರಿಯಾದ ಪ್ರಶ್ನೆ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಮಲೆನಾಡಿನ ಕಾರನ್ನು ಬಿಟ್ಟು, ಚೆನ್ನಾಗಿ ಸೆಂಟು ಹೊಡೆದ ಮುಳುಗಡೆ ಕಾರನ್ನು ತರುವವರಿದ್ದಾರೆ.

ಕೇರಳ ಮತ್ತು ಕೊಡಗಿನಲ್ಲಿ 2018ರ ಆಗಸ್ಟ್, ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ 2019ರ ಆಗಸ್ಟ್, ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸುತ್ತ ಕಾರುಗಳು ನೀರಲ್ಲಿ ನಿಂತ 2022ರ ಸೆಪ್ಟೆಂಬರ್, ಈ ತಾರೀಖುಗಳನ್ನು ತಲೆಯಲ್ಲಿಟ್ಟುಕೊಳ್ಳಿ. ಕಾರು ಆಗ ಎಲ್ಲಿತ್ತು ಎಂದು ಆರ್‌ಸಿ ವಿಳಾಸದಿಂದ ತಿಳಿಯಿರಿ. ಆಮೇಲಿನ ಎರಡು ಮೂರು ತಿಂಗಳಲ್ಲಿ ದೊಡ್ಡ ಮೊತ್ತದ ಬಿಲ್ಲೋ, ಮಾಲೀಕತ್ವದ ವರ್ಗಾವಣೆಯೋ ಆಗಿದ್ದರೆ ಎಚ್ಚರ. ನೀರು ಸೇರಿದ ಇಂಜಿನನ್ನು ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಾಗಿದರೆ ಇಂಜಿನ್ ಪ್ರೊಟೆಕ್ಟ್ ಎಂಬ ಆ್ಯಡ್-ಆನ್ ಇಲ್ಲದ ಮಾಮೂಲಿ ಪಾಲಿಸಿಯಲ್ಲಿ ಕ್ಲೇಮ್ ಸಿಗುವುದು ಕಷ್ಟ. ಹಾಗಾಗಿ ಎಷ್ಟೋ ಜನ ಕ್ಲೇಮನ್ನೇ ಹಾಕದೆ ಸಿಕ್ಕ ಬೆಲೆಗೆ ಕಾರನ್ನು ದಾಟಿಸುತ್ತಾರೆ, ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ.

ಮಲೆನಾಡಿನ ತೇವ ಮೇಲಿನಿಂದ ಬರುತ್ತದೆ. ಗಾಜಿನ ಬೀಡಿಂಗಿನಲ್ಲಿ ಹಸಿರು ಪಾಚಿ, ಡೋರ್ ಪ್ಯಾಡಿನ ಮೇಲೆ ಬಿಳಿ ಬೂಷ್ಟು, ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿ ನೀರು ಎಡಗಡೆಯ ಕಾಲಿನ ಜಾಗಕ್ಕೆ ಇಳಿದಿರುವುದು, ಇವೆಲ್ಲ ಮನೆಯ ಮುಂದೆ ಮಳೆಯಲ್ಲಿ ನಿಂತ ಕಾರಿನ ಲಕ್ಷಣ. ಜಾಲರಿ ಶುಚಿ ಮಾಡಿ ಮ್ಯಾಟ್ ಒಣಗಿಸಿದರೆ ಮುಗಿಯಿತು. ನೆರೆ ನೀರು ಕೆಳಗಿನಿಂದ ಏರುತ್ತದೆ, ಜೊತೆಗೆ ಮಣ್ಣು ತರುತ್ತದೆ. ಆ ಮಣ್ಣು ಯಾರೂ ತೊಳೆಯದ ಜಾಗದಲ್ಲಿ ಕೂತಿರುತ್ತದೆ.

ಡ್ರೈವರ್ ಸೀಟ್‌ಬೆಲ್ಟನ್ನು ನಿಧಾನವಾಗಿ ಕೊನೆ ಮುಟ್ಟುವ ತನಕ ಎಳೆಯಿರಿ. ದಿನಾ ಹೊರಗೆ ಬರುವ ಭಾಗ ಕೈಯ ಜಿಡ್ಡಿಗೆ ಕಪ್ಪಾಗಿರುತ್ತದೆ, ಅದು ಸಹಜ. ಒಳಗೆ ಸುತ್ತಿಕೊಂಡೇ ಇರುವ ಕೊನೆಯ ಒಂದೂವರೆ ಅಡಿ ಹೊಸದರ ಹಾಗಿರಬೇಕು. ಅಲ್ಲಿ ಕಂದು ಬಣ್ಣದ ಅಡ್ಡ ಗೆರೆ, ಬಿರುಸಾದ ನೂಲು, ಬೆರಳಿಗೆ ಹತ್ತುವ ಸಣ್ಣ ಮಣ್ಣು ಇದ್ದರೆ ನೀರು ಆ ಎತ್ತರಕ್ಕೆ ಬಂದಿತ್ತು. ಬೆಲ್ಟಿನ ಬುಡದಲ್ಲಿರುವ ಚೀಟಿಯ ತಯಾರಿ ತಾರೀಖನ್ನೂ ಓದಿ. 2016ರ ಕಾರಿಗೆ 2022ರ ಬೆಲ್ಟು ಇದ್ದರೆ ನೆರೆ ಅಥವಾ ಅಪಘಾತ, ಎರಡರಲ್ಲಿ ಒಂದು.

ಆಮೇಲೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಬುಡಕ್ಕೆ ತಲೆ ಹಾಕಿ. ಫ್ಯೂಸ್ ಬಾಕ್ಸಿನ ತಾಮ್ರದ ಕಾಲುಗಳು ಹಸಿರು ಕಟ್ಟಿವೆಯೇ, ವೈರಿಂಗಿನ ಟೇಪಿನ ಮೇಲೆ ಮಣ್ಣಿನ ಪದರ ಇದೆಯೇ ನೋಡಿ. ಸೀಟಿನ ಕಂಬಿಯ ಬೋಲ್ಟು, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದರೆ ಕಾಣುವ ಗುಂಡಿ, ಹೆಡ್‌ಲೈಟಿನ ಒಳಗಿನ ಮಂಜು, ಇವಿಷ್ಟು ಹತ್ತು ನಿಮಿಷದ ಕೆಲಸ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೆ ಬಲ್ಬು ತೆಗೆದಿದ್ದಾರೆ, ಆರದಿದ್ದರೆ ದೋಷ ಇದೆ. ಬಹಳ ಕಾರುಗಳಲ್ಲಿ ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಗೇರಿನ ಹತ್ತಿರ ನೆಲಕ್ಕೇ ಕೂತಿರುತ್ತದೆ, ನೀರು ಒಳಗೆ ಬಂದರೆ ಮೊದಲು ನೆನೆಯುವ ಭಾಗಗಳಲ್ಲಿ ಅದೂ ಒಂದು. ಹಳೇ ಕಾರಿಗೆ ಕಾರ್ಪೆಟ್ ಮಾತ್ರ ಪೂರ್ತಿ ಹೊಸದಿದ್ದರೆ ಒಂದು ಮೂಲೆಯಲ್ಲಿ ಎತ್ತಿಸಿ ನೋಡದೆ ಬರಬೇಡಿ.

ಮುಳುಗಡೆ ಕಾರು ಎಷ್ಟು ಕಡಿಮೆಗೆ ಸಿಕ್ಕರೂ ಬೇಡ ಎಂಬುದು ನಮ್ಮ ಖಡಾಖಂಡಿತ ಸಲಹೆ. ಕನೆಕ್ಟರುಗಳ ತುಕ್ಕು ವರ್ಷಗಟ್ಟಲೆ ನಿಧಾನವಾಗಿ ಕೆಲಸ ಮಾಡುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಇಂಜಿನ್ ಆಫ್ ಆದರೆ ಪವರ್ ಸ್ಟೇರಿಂಗೂ ಇಲ್ಲ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕಿನ ಬೂಸ್ಟರೂ ಇಲ್ಲ.

ಪ್ರಶ್ನೆ: ದೊಡ್ಡ ಅಪಘಾತ ಆದ ಕಾರು ಎಂದು ಇನ್ಶೂರೆನ್ಸ್ ಪಾಲಿಸಿಯಿಂದ ತಿಳಿಯಬಹುದೇ?
— ಬ್ಯಾಂಕ್ ಉದ್ಯೋಗಿ, ಶಿಕಾರಿಪುರ

ಉತ್ತರ: ಸುಳಿವು ಸಿಗುತ್ತದೆ. ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟು ಎಂದು ಬರೆದಿರುತ್ತದೆ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ. 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಂದು ಕ್ಲೇಮ್ ಆದರೆ ಮತ್ತೆ ಸೊನ್ನೆ. ಏಳು ವರ್ಷದ ಕಾರಿಗೆ ಈಗ ಶೇ. 20 ಇದ್ದರೆ ಎರಡು ವರ್ಷದ ಹಿಂದೆ ಕ್ಲೇಮ್ ಆಗಿದೆ, ಅಥವಾ ಪಾಲಿಸಿ ತಪ್ಪಿಹೋಗಿತ್ತು, ಅಥವಾ ಆಗ ಮಾಲೀಕರು ಬದಲಾಗಿದ್ದಾರೆ. ಮೂರರಲ್ಲಿ ಯಾವುದೆಂದು ಹಳೇ ಪಾಲಿಸಿ ತರಿಸಿ ನೋಡಿ. ಆದರೆ ಶೇ. 50 ಇದ್ದ ಮಾತ್ರಕ್ಕೆ ಕಾರು ಶುದ್ಧ ಎನ್ನಬೇಡಿ. ಬೋನಸ್ ಮಾಲೀಕರದ್ದು, ಕಾರಿನದ್ದಲ್ಲ. ತಮ್ಮ ಹಿಂದಿನ ಕಾರಿನ ಬೋನಸ್ಸನ್ನು ಇದಕ್ಕೆ ತಂದಿರಬಹುದು, ಬೋನಸ್ ಉಳಿಸುವ ಆ್ಯಡ್-ಆನ್ ಇದ್ದಿರಬಹುದು. ಕ್ಲೇಮುಗಳ ವಿವರವನ್ನು ಇನ್ಶೂರೆನ್ಸ್ ಕಂಪನಿಯಿಂದ ಇಮೇಲಿನಲ್ಲಿ ತರಿಸಿಕೊಡಿ ಎಂದು ಮಾಲೀಕರನ್ನೇ ಕೇಳುವುದು ಒಳ್ಳೆಯದು.

ರಿಪೇರಿ ಖರ್ಚು ಕಾರಿನ ವಿಮಾ ಮೌಲ್ಯದ ಶೇ. 75 ದಾಟಿದರೆ ಕಂಪನಿ ಅದನ್ನು ಟೋಟಲ್ ಲಾಸ್ ಎಂದು ತೀರ್ಮಾನಿಸುತ್ತದೆ. ಅಂಥ ಗುಜರಿಯನ್ನು ಹರಾಜಿನಲ್ಲಿ ಹಿಡಿದು, ಟಿಂಕರಿಂಗ್ ಮಾಡಿಸಿ ಮತ್ತೆ ರಸ್ತೆಗೆ ಬಿಡುವವರಿದ್ದಾರೆ. ಅದು ಕಾಗದದಲ್ಲಿ ಕಾಣದಿದ್ದರೂ ಕಾರಿನ ಮೇಲೆ ಕಾಣುತ್ತದೆ. ಎಲ್ಲ ಗಾಜಿನ ಮೂಲೆಯ ಮುದ್ರೆ ಓದಿ: ಒಂದೇ ಕಂಪನಿ, ಒಂದೇ ಅಥವಾ ಅಕ್ಕಪಕ್ಕದ ವರ್ಷ ಇರಬೇಕು. ಮುಂದಿನ ಗಾಜು ಕಲ್ಲು ಸಿಡಿದು ಬದಲಾಗಿರಬಹುದು, ತಪ್ಪಿಲ್ಲ. ಮುಂದಿನ ಗಾಜಿನ ಜೊತೆ ಒಂದೇ ಪಕ್ಕದ ಎರಡು ಬಾಗಿಲಿನ ಗಾಜೂ ಬೇರೆಯಾಗಿದ್ದರೆ ಕಾರು ಆ ಬದಿಗೆ ಬಿದ್ದಿದೆ ಅಥವಾ ಗುದ್ದಿದೆ. ಬಾಗಿಲಿನ ರಬ್ಬರ್ ಬೀಡಿಂಗನ್ನು ಒಂದು ಗೇಣು ಎಳೆದು ತೆಗೆದರೆ ಕಂಬದ ಅಂಚಿನಲ್ಲಿ ಫ್ಯಾಕ್ಟರಿಯ ಸ್ಪಾಟ್ ವೆಲ್ಡಿಂಗಿನ ದುಂಡು ಗುಳಿಗಳು ಒಂದೇ ಅಂತರದಲ್ಲಿ ಕಾಣಬೇಕು. ಗುಳಿ ಇಲ್ಲದೆ ನುಣುಪಾಗಿದ್ದರೆ ಅಥವಾ ಗ್ಯಾಸ್ ವೆಲ್ಡಿಂಗಿನ ಗೆರೆ ಇದ್ದರೆ ಕಂಬವನ್ನೇ ಕತ್ತರಿಸಿ ಜೋಡಿಸಿದ್ದಾರೆ. ಬಾನೆಟ್ಟು ಮತ್ತು ಮುಂದಿನ ಫೆಂಡರಿನ ಬೋಲ್ಟುಗಳ ತಲೆಯ ಬಣ್ಣ ಕಿತ್ತಿದೆಯೇ ನೋಡಿ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ, ಫ್ಯಾಕ್ಟರಿ ಬಣ್ಣ ಸುಮಾರು 80ರಿಂದ 150 ಮೈಕ್ರಾನ್. 200 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 500ಕ್ಕಿಂತ ಮೇಲೆ ಹೋದರೆ ಕೆಳಗೆ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ಕು, ಅದಕ್ಕೆ ಈ ಅಳತೆ ನಡೆಯದು. ಬಾಗಿಲಿಗೆ ಗೀರು ಬಿದ್ದು ಬಣ್ಣ ಹೊಡೆಸಿದ್ದನ್ನು ದೊಡ್ಡದು ಮಾಡಬೇಡಿ. ಕಂಬ, ಛಾವಣಿ, ಚಾಸಿಗೆ ಕೈ ಹಾಕಿದ್ದರೆ ಮಾತ್ರ ಬಿಡಿ.

ಪ್ರಶ್ನೆ: ನಮ್ಮೂರಿನ ಒಬ್ಬರು ಕಡಿಮೆ ಬೆಲೆಗೆ ಪಿಕಪ್ ಮತ್ತು ಕಾರು ಮಾರುತ್ತಿದ್ದಾರೆ. ಅದರಲ್ಲಿ ಒಂದು ಹಿಂದೆ ಮರ ಸಾಗಿಸಿ ಅರಣ್ಯ ಇಲಾಖೆಯವರಿಗೆ ಸಿಕ್ಕಿತ್ತು ಎಂಬ ಮಾತಿದೆ. ಆ್ಯಪಿನಲ್ಲಿ ಏನೂ ಕಾಣುತ್ತಿಲ್ಲ. ಕೊಳ್ಳಬಹುದೇ?
— ಕೃಷಿಕರು, ಸಾಗರ

ಉತ್ತರ: ಕೇಸಿನ ಸ್ಥಿತಿ ಕಾಗದದಲ್ಲಿ ತಿಳಿಯುವ ತನಕ ಬೇಡ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮರ ಸಾಗಿಸಿದ ವಾಹನವನ್ನು ಜಪ್ತಿ ಮಾಡುವುದಷ್ಟೇ ಅಲ್ಲ, ಮುಟ್ಟುಗೋಲು ಹಾಕಿಕೊಂಡು ಸರ್ಕಾರದ ವಶ ಮಾಡಿಕೊಳ್ಳಲೂ ಬರುತ್ತದೆ. ಕೇಸು ನಡೆಯುವಾಗ ಬಾಂಡ್ ಅಥವಾ ಜಾಮೀನಿನ ಮೇಲೆ ವಾಹನವನ್ನು ಮಾಲೀಕರಿಗೆ ಬಿಟ್ಟುಕೊಟ್ಟಿರಬಹುದು. ಮಾರಬಾರದು, ರೂಪ ಬದಲಿಸಬಾರದು, ಕರೆದಾಗ ತಂದು ಹಾಜರುಪಡಿಸಬೇಕು ಎಂಬ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಂಥದ್ದನ್ನು ಕೊಂಡರೆ ದುಡ್ಡು ಹೋಗುವುದು ನಿಮ್ಮದು. ಇಲಾಖೆಯವರು ಆರ್‌ಟಿಒಗೆ ಬರೆದು ನಮೂದು ಮಾಡಿಸಿದ್ದರೆ ಮಾತ್ರ ಆ್ಯಪಿನಲ್ಲಿ ಕಾಣುತ್ತದೆ, ಹಾಗಾಗಿ ಅಲ್ಲಿ ಏನೂ ಇಲ್ಲ ಎಂಬುದು ಪುರಾವೆಯಲ್ಲ.

ಕೇಸು ಮುಗಿದಿದೆ ಎನ್ನುವುದಾದರೆ ಅಂತಿಮ ಆದೇಶದ ಪ್ರತಿ ಕೇಳಿ. ಆ ಊರಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲೂ ಠಾಣೆಯಲ್ಲೂ ಗಾಡಿ ನಂಬರ್ ಕೊಟ್ಟು ವಿಚಾರಿಸಿ. ಹರಾಜಿನಲ್ಲಿ ಹಿಡಿದದ್ದಾದರೆ ಹರಾಜಿನ ಆದೇಶ, ಹಣ ಕಟ್ಟಿದ ರಸೀದಿ ಇರಬೇಕು, ವರ್ಗಾವಣೆ ಫಾರಂ 32ರಲ್ಲಿ ಆಗಿರಬೇಕು. ಕಳವಿನ ಗಾಡಿಯೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಡಿಜಿಟಲ್ ಪೊಲೀಸ್ ಪೋರ್ಟಲಿನಲ್ಲಿ ಗಾಡಿ ನಂಬರ್, ಇಂಜಿನ್ ಮತ್ತು ಚಾಸಿ ನಂಬರ್ ಹಾಕಿ ವಾಹನದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೆಗೆಯಬಹುದು, ಅದನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ.

ತಾರೀಖುಗಳೂ ಇಲ್ಲಿ ಮಾತಾಡುತ್ತವೆ. ಜಪ್ತಿಯಾದ ವಾಹನ ಠಾಣೆಯ ಅಥವಾ ಡಿಪೋದ ಬಯಲಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಇನ್ಶೂರೆನ್ಸು, ಹೊಗೆ ಸರ್ಟಿಫಿಕೇಟು, ಸರ್ವಿಸು ಮೂರೂ ಒಂದೇ ಅವಧಿಯಲ್ಲಿ ನಿಂತುಹೋಗಿದ್ದರೆ ಆಗ ಗಾಡಿ ಎಲ್ಲಿತ್ತು ಎಂದು ನೇರವಾಗಿ ಕೇಳಿ. ಆ ಅವಧಿಗೆ ಇನ್ಶೂರೆನ್ಸ್ ಇಲ್ಲದೆ ಅಪಘಾತವಾಗಿ ಪರಿಹಾರದ ಕೇಸು ಬಾಕಿ ಇರುವ ಸಾಧ್ಯತೆಯೂ ಉಂಟು.

ಪ್ರಶ್ನೆ: ಸಾಲ ತೀರಿದೆ, ಬ್ಯಾಂಕಿನ ಎನ್‌ಒಸಿ ಇದೆ ಅನ್ನುತ್ತಾರೆ. ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರು ಇದೆ.
— ಸೊರಬ

ಉತ್ತರ: ಎನ್‌ಒಸಿ ಜೊತೆ, ಸಾಲದ ನಮೂದು ತೆಗೆಸಲು ಬ್ಯಾಂಕು ಸಹಿ, ಮುದ್ರೆ ಹಾಕಿದ ಫಾರಂ 35 ಬೇಕು. ಎನ್‌ಒಸಿಯ ಮೇಲೆ ಎಷ್ಟು ದಿನ ಚಾಲ್ತಿ ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 90 ದಿನ. ಮುಗಿದಿದ್ದರೆ ಹೊಸದು ತರಿಸಲಿ. ಬ್ಯಾಂಕಿನ ಶಾಖೆಗೆ ಫೋನ್ ಮಾಡಿ ಲೋನ್ ಖಾತೆ ಮುಚ್ಚಿದೆಯೇ ಎಂದು ಮಾರುವವರ ಎದುರೇ ಖಾತ್ರಿ ಮಾಡಿಕೊಳ್ಳಿ. ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ಕ್ಯಾನ್ಸಲ್ ಮಾಡಿಸಿ ಅವರೇ ಆರ್‌ಸಿ ತಂದರೆ ಅತ್ಯುತ್ತಮ. ಸಾಲ ಇನ್ನೂ ಬಾಕಿ ಇದ್ದರೆ ದುಡ್ಡನ್ನು ಅವರ ಕೈಗೆ ಕೊಡದೆ ನೇರ ಸಾಲದ ಖಾತೆಗೆ ಕಟ್ಟಿ, ರಸೀದಿ ನೀವು ಇಟ್ಟುಕೊಳ್ಳಿ.

ಪ್ರಶ್ನೆ: ಆರ್‌ಸಿ ತೀರಿಹೋದವರ ಹೆಸರಿನಲ್ಲಿದೆ, ಅವರ ಮಗ ಮಾರುತ್ತಿದ್ದಾರೆ. ಅಪ್ಪ ಮುಂಚೆಯೇ ಸಹಿ ಮಾಡಿಟ್ಟ ವರ್ಗಾವಣೆಯ ಫಾರಂ 29, 30 ಇವೆಯಂತೆ.
— ಕೊಪ್ಪ

ಉತ್ತರ: ಆ ಸಹಿಗೆ ಈಗ ಬೆಲೆ ಇಲ್ಲ, ಬಳಸಿದರೆ ಸುಳ್ಳು ದಾಖಲೆ ಸೃಷ್ಟಿಸಿದಂತೆ. ಮೊದಲು ಫಾರಂ 31ರಲ್ಲಿ, ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಒಪ್ಪಿಗೆ ಇಟ್ಟು, ಮಗನ ಹೆಸರಿಗೆ ಆಗಲಿ. ಆಮೇಲೆ ನಿಮ್ಮ ಹೆಸರಿಗೆ. ತಾಯಿ, ಅಕ್ಕತಂಗಿಯರು ಇದ್ದರೆ ಅವರೂ ಒಪ್ಪಿದ್ದಾರೆಯೇ ಎಂದು ನೋಡಿ.

ಪ್ರಶ್ನೆ: ಕರಾವಳಿಯ ಕಾರು ಬೇಡ, ಟ್ಯಾಕ್ಸಿಯಾಗಿದ್ದ ಕಾರೂ ಬೇಡ ಅನ್ನುತ್ತಾರೆ. ನಿಜವೇ? ಹೊರರಾಜ್ಯದ ಕಾರಾದರೆ?
— ಹೋಂಸ್ಟೇ ನಡೆಸುವವರು, ಶೃಂಗೇರಿ

ಉತ್ತರ: ಉಡುಪಿಯ ಕೆಎ-20, ಮಂಗಳೂರಿನ ಕೆಎ-19, ಹೊನ್ನಾವರದ ಕೆಎ-47 ಎಂದ ಮಾತ್ರಕ್ಕೆ ಬಿಡಬೇಡಿ, ಕಾರನ್ನು ಲಿಫ್ಟಿಗೆ ಹಾಕಿ ನೋಡಿ. ಉಪ್ಪಿನ ಗಾಳಿಯ ತುಕ್ಕು ಬಾಗಿಲ ಕೆಳಗಿನ ಸಿಲ್, ಹಿಂದಿನ ಆಕ್ಸಲ್, ಬ್ರೇಕ್ ಪೈಪಿನಲ್ಲಿ ಮೊದಲು ಕಾಣುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಸದ್ದು ಬರಬೇಕು. ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಬಳಿದಿದ್ದರೆ ತಟ್ಟಿಯೇ ನೋಡಿ, ತುಕ್ಕು ಮುಚ್ಚುವುದಕ್ಕೂ ಅದನ್ನೇ ಬಳಿಯುತ್ತಾರೆ. ನಮ್ಮ ಕಡೆಯ ಕಾರುಗಳ ತೊಂದರೆ ಬೇರೆ: ತೋಟದ ರಸ್ತೆಗೆ ಲೋಯರ್ ಆರ್ಮ್ ಬುಷ್ ಹೋಗಿರುತ್ತದೆ, ಘಟ್ಟಕ್ಕೆ ಕ್ಲಚ್ಚು ಮತ್ತು ಮುಂದಿನ ಡಿಸ್ಕು ಸವೆದಿರುತ್ತದೆ, ಅಡಿಕೆ ಮೂಟೆಗೆ ಹಿಂದಿನ ಸ್ಪ್ರಿಂಗ್ ಕುಸಿದಿರುತ್ತದೆ. ಇವೆಲ್ಲ ಬದಲಾಯಿಸಬಹುದಾದವು, ಬೆಲೆಯಲ್ಲಿ ಕಳೆಯಿರಿ.

ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಕಾರನ್ನು ಬಿ ಎಕ್ಸ್‌ಟ್ರ್ಯಾಕ್ಟಿನಲ್ಲಿ ಹುಡುಕಿ, ಮೀಟರಿನ ಬಗ್ಗೆ ಮೇಲೆ ಹೇಳಿದ್ದನ್ನು ಅದಕ್ಕೆ ಇನ್ನೂ ಕಟ್ಟುನಿಟ್ಟಾಗಿ ಮಾಡಿ. ಹೊರರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯಬೇಕು. ಆ ತೆರಿಗೆ ಸೇರಿಸಿದರೆ ‘ಅಗ್ಗ’ ಎಂದದ್ದು ಹೆಚ್ಚಿನ ಸಲ ಅಗ್ಗವಾಗಿ ಉಳಿಯುವುದಿಲ್ಲ, ಮೊದಲೇ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ.

ಪ್ರಶ್ನೆ: ಕಾರು ಕೊಂಡು ಒಂದು ವರ್ಷವಾಯಿತು, ಆರ್‌ಸಿ ಹಳೇ ಮಾಲೀಕರ ಹೆಸರಿನಲ್ಲೇ ಇದೆ. ಇನ್ಶೂರೆನ್ಸೂ ಅವರದ್ದೇ. ಏನು ತೊಂದರೆ?
— ವ್ಯಾಪಾರಿ, ಶಿವಮೊಗ್ಗ

ಉತ್ತರ: ತೊಂದರೆ ಇಬ್ಬರಿಗೂ. ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಹೇಳಿದೆ. ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಇರುವುದು 14 ದಿನ. ಮಾಡಿಸದಿದ್ದರೆ ಎದುರಿನವರಿಗೆ ಸಿಗುವ ಥರ್ಡ್ ಪಾರ್ಟಿ ರಕ್ಷಣೆ ಮುಂದುವರಿದರೂ ನಿಮ್ಮ ಕಾರಿನ ರಿಪೇರಿ ಕ್ಲೇಮ್ ತಿರಸ್ಕಾರವಾಗುತ್ತದೆ. ಆನ್‌ಲೈನ್ ಅರ್ಜಿಯಲ್ಲಿ ಹಳೇ ಮಾಲೀಕರ ಮೊಬೈಲಿಗೆ ಒಟಿಪಿ ಬರುತ್ತದೆ, ಅವರು ಊರು ಬಿಡುವ ಮುಂಚೆ ಈ ವಾರವೇ ಕೆಲಸ ಮುಗಿಸಿ. ಹಳೇ ಫಾಸ್ಟ್ಯಾಗ್ ಅವರು ಮುಚ್ಚಿಸಲಿ, ನೀವು ಹೊಸದು ತೆಗೆದುಕೊಳ್ಳಿ.

ಡೀಲರ್ ಮೂಲಕ ಕೊಳ್ಳುವವರು ಇದನ್ನೂ ಕೇಳಬೇಕು: 2023ರ ಏಪ್ರಿಲ್‌ನಿಂದ ಹಳೇ ವಾಹನದ ಡೀಲರುಗಳು ಆರ್‌ಟಿಒದಿಂದ ಫಾರಂ 29ಬಿಯಲ್ಲಿ ಐದು ವರ್ಷದ ಅಧಿಕಾರಪತ್ರ ಪಡೆಯುವ ನಿಯಮ ಬಂದಿದೆ. ಮಾಲೀಕರು ಕಾರನ್ನು ಅವರಿಗೆ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ದಾಖಲಿಸಬೇಕು. ಅದನ್ನು ತೋರಿಸುವ ಡೀಲರ್ ಹತ್ತಿರ ವ್ಯವಹಾರ ಮಾಡಿದರೆ ಕಾರು ಯಾರ ಜವಾಬ್ದಾರಿಯಲ್ಲಿತ್ತು ಎಂಬುದಕ್ಕೆ ಲೆಕ್ಕ ಇರುತ್ತದೆ.

ಪ್ರಶ್ನೆ: ತೋಟಕ್ಕೆ ಹಳೇ ಜೀಪು ಬೇಕು. ಬೇರೆ ಇಂಜಿನ್ ಕೂರಿಸಿದ್ದು ಒಂದು ಸಿಕ್ಕಿದೆ, ಇಲಾಖೆಯ ಹರಾಜಿನದ್ದು ಇನ್ನೊಂದು.
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಮೊದಲನೆಯದರಲ್ಲಿ ಇಂಜಿನ್ ಮೇಲಿನ ನಂಬರನ್ನು ಆರ್‌ಸಿ ಜೊತೆ ಹೋಲಿಸಿ. ಇಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಪಡೆದು ಹೊಸ ನಂಬರನ್ನು ಆರ್‌ಸಿಯಲ್ಲಿ ನಮೂದಿಸಿರಬೇಕು. ಆಗಿಲ್ಲದಿದ್ದರೆ ಎಫ್‌ಸಿಯಲ್ಲಿ (ಫಿಟ್ನೆಸ್ ಸರ್ಟಿಫಿಕೇಟಿನ ತಪಾಸಣೆಯಲ್ಲಿ) ತಿರಸ್ಕಾರವಾಗುತ್ತದೆ, ಅಪಘಾತವಾದರೆ ಇನ್ಶೂರೆನ್ಸಿನವರಿಗೆ ಅದೇ ನೆಪ ಸಾಕು. 15 ವರ್ಷ ದಾಟಿದ್ದರಿಂದ ಆರ್‌ಸಿಯನ್ನು ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಿ ನವೀಕರಿಸಬೇಕು, ಈಗಿನ ಗಡುವು ಯಾವಾಗ ಮುಗಿಯುತ್ತದೆ ಎಂದು ನೋಡಿ ಬೆಲೆ ಮಾತಾಡಿ. ತಡವಾದ ಪ್ರತಿ ತಿಂಗಳಿಗೂ ದಂಡ ಏರುತ್ತದೆ.

ಎರಡನೆಯದರಲ್ಲಿ ಹರಾಜಿನ ತಾರೀಖು ಮುಖ್ಯ. 2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಗಳ ರಿಜಿಸ್ಟ್ರೇಶನ್ 15 ವರ್ಷಕ್ಕೆ ಕೊನೆ, ನವೀಕರಣ ಇಲ್ಲ, ಅವು ಗುಜರಿಗೇ ಹೋಗಬೇಕು. ಅಂಥ ಜೀಪನ್ನು ‘ಆಮೇಲೆ ಆರ್‌ಸಿ ಮಾಡಿಸಿಕೊಡುತ್ತೇನೆ’ ಎಂದು ಮಾರುವವರ ಮಾತು ಕೇಳಬೇಡಿ. ಅದಕ್ಕೂ ಮುಂಚೆ ಹರಾಜಾಗಿ, ಫಾರಂ 32ರಲ್ಲಿ ಖಾಸಗಿಯವರ ಹೆಸರಿಗೆ ಬಂದು, ಈಗ ಚಾಲ್ತಿ ಆರ್‌ಸಿ ಇರುವುದಾದರೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದುಕೊಂಡು ಚಿಕ್ಕಮಗಳೂರು ಆರ್‌ಟಿಒದಲ್ಲಿ ತೋರಿಸಿ, ಬಿ ಎಕ್ಸ್‌ಟ್ರ್ಯಾಕ್ಟ್ ಬಂದ ಮೇಲೆ ಮುಂದುವರಿಯಿರಿ.